ಸಂತರ ಕೈಯೊಳಗಿನ ಗಂಧದ ಬೆಣೆ

ಪೆದ್ರಣ್ಣ, ಆ ಸಂಜೆ ಸಾಗರದ ಪೇಟೆ ಬೀದಿಯಲ್ಲಿ ಸಂತ ಜೋಸೆಫರ ಕೈ ಕಳಚಿ ಬಿದ್ದದ್ದು ನಿಮ್ಮಿಂದಲ್ಲ, ನನ್ನಿಂದ. ಇದನ್ನು ಹೇಳಲು ಇಷ್ಟು ವರ್ಷ ಹಿಡಿಯಿತು — ಹೇಳದೆಯೇ ಸಾಯಬಹುದೆಂಬ ಆಸೆ ಒಳಗೊಳಗೆ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಲಿಂಗನಮಕ್ಕಿ ಅಣೆಕಟ್ಟೆಯ ಕೆಲಸ ಮುಗಿಯುತ್ತ ಬಂದ ವರ್ಷ. ನೀವು ಅಲ್ಲಿ ಕಲ್ಲು ಕಟ್ಟುವ ಮೇಸ್ತ್ರಿ. ನಾನು ಗುಡಿಗಾರರ ಮನೆಯ ಮಗ, ಗಂಧದ ಕೆತ್ತನೆಯಲ್ಲಿ ಕೈ ಪಳಗಿದೆಯೆಂಬ ಜಂಬ ಬೇರೆ. ಹಬ್ಬಕ್ಕೆ ಮೊದಲು ಇಗರ್ಜಿಯ ಮರದ ಪ್ರತಿಮೆಗೆ ಬಣ್ಣ ಹಚ್ಚುವ ಕೆಲಸವನ್ನು ಅಪ್ಪ ಮೊದಲ ಸಲ ನನಗೆ ಒಪ್ಪಿಸಿ ಹೊಸನಗರಕ್ಕೆ ಹೋಗಿದ್ದರು. ಹಬ್ಬದ ಹಿಂದಿನ ದಿನ ಎತ್ತಿಡುವಾಗ ಪ್ರತಿಮೆ ಕೈಜಾರಿತು. ಲಿಲ್ಲಿ ಹೂ ಹಿಡಿದ ಬಲಗೈ ಮಣಿಕಟ್ಟಿನಲ್ಲಿ ಮುರಿಯಿತು.

ಜೋಡಿಸಲು ಹಲಸಿನ ಮರದ ಬೆಣೆ ಹಾಕಿದ್ದರೆ ಸಾಕಿತ್ತು. ಆದರೆ ದೇವರ ಮೈ ಮುರಿದ ಪಾಪಕ್ಕೆ ಹೆದರಿ — ನಿಮ್ಮ ದೇವರಾದರೂ ಹೆದರಿದೆ — ಮನೆಯಲ್ಲಿದ್ದ ಒಳ್ಳೆಯ ಗಂಧದ ಚೂರನ್ನೇ ಬೆಣೆ ಮಾಡಿ, ಸರೇಸಿನ ಅಂಟು ಹಚ್ಚಿ ಕೂರಿಸಿದೆ. ಗಂಧದ ಎಣ್ಣೆ ಸರೇಸನ್ನು ಹಿಡಿಯಗೊಡುವುದಿಲ್ಲ. ನಮ್ಮ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ನನಗದು ನೆನಪಾದದ್ದು ಮೇಲೆ ಬಣ್ಣ ಬಳಿದ ಮೇಲೆ. ಬಿಚ್ಚಿದರೆ ಗುಟ್ಟು ರಟ್ಟಾಗುತ್ತದೆ, ಬಿಟ್ಟರೆ —

ಬಿಟ್ಟೆ.

ಮೆರವಣಿಗೆಯಲ್ಲಿ ಬ್ಯಾಂಡಿತ್ತು, ಮೇಣದಬತ್ತಿ ಹಿಡಿದ ಹೆಂಗಸರಿದ್ದರು, ಅಂಗಡಿಗಳ ಮುಂದೆ ನೀರು ಚಿಮುಕಿಸಿ ಕಾದು ನಿಂತ ನಮ್ಮವರಿದ್ದರು. ನಾನು ಮಾತ್ರ ಆ ಮಣಿಕಟ್ಟನ್ನೇ ನೋಡುತ್ತ ನಿಮ್ಮ ಪಕ್ಕದಲ್ಲಿ ನಡೆದೆ. ಪ್ರತಿಮೆ ಹೊತ್ತ ಅಡ್ಡೆಯ ಮುಂದಿನ ಹೆಗಲು ನಿಮ್ಮದು. ಕುಡಿತ ಬಿಟ್ಟು ಎರಡು ವರ್ಷವಾದ ಮೇಲೆ ಪಾದ್ರಿಗಳು ನಂಬಿ ಕೊಟ್ಟ ಜಾಗ. ಮೂರು ತಿರುವು ದಾಟಿದೆವು. ಇಗರ್ಜಿಯ ಮೆಟ್ಟಿಲು ಕಂಡಿತು, ಬದುಕಿಕೊಂಡೆ ಅಂದುಕೊಂಡೆ. ಆಗ ಬಿತ್ತು.

"ಪೆದ್ರು ಮತ್ತೆ ಕುಡ್ದಾನೆ" ಎಂದು ಯಾರೋ ಅಂದರು.

"ಇಲ್ಲ ಫಾದರ್, ಮುಟ್ಲೇ ಇಲ್ಲ." ಆಮೇಲೆ ನೀವು ನನ್ನ ಕಡೆ ತಿರುಗಿದಿರಿ. "ಪಕ್ಕದಲ್ಲೇ ಇದ್ಯಲ್ಲ ಮಾರಾಯ, ನೀನೇ ಹೇಳು. ನಾನು ಎಡವಿದ್ನಾ?"

"ನಾನು ಸರಿಯಾಗಿ ನೋಡ್ಲಿಲ್ಲ ಪೆದ್ರಣ್ಣ" ಅಂದೆ.

ಮತ್ತೆಂದೂ ನಿಮಗೆ ಅಡ್ಡೆ ಹೊರಲು ಕೊಡಲಿಲ್ಲ. ಮರುವರ್ಷ ನೀವು ಮೆರವಣಿಗೆಯ ಕೊನೆಯಲ್ಲಿ ತಲೆ ತಗ್ಗಿಸಿ ನಡೆಯುವುದನ್ನು ಬಾಗಿಲ ಮರೆಯಿಂದ ನೋಡಿದೆ. ಅದರ ಮುಂದಿನ ವರ್ಷ ನೀವು ನಿಜಕ್ಕೂ ಕುಡಿಯತೊಡಗಿದಿರಿ. ನೋಡಿದಿರಾ, ಅವತ್ತೂ ಕುಡಿದೇ ಇದ್ದ ಎಂದರು ಜನ. ಆಗಲೂ ನಾನು ಬಾಯಿ ಬಿಡಲಿಲ್ಲ. ಮುರಿದ ಕೈಯನ್ನು ರಿಪೇರಿಗೆ ನನಗೇ ಕೊಟ್ಟಿದ್ದರು — ಹಲಸಿನ ಬೆಣೆ ಹಾಕಿದೆ, ಇಂದಿಗೂ ಅಲುಗಿಲ್ಲ. ಎಲ್ಲರೂ ಹೊಗಳಿದರು. ಹೊಗಳಿಸಿಕೊಂಡೆ.

ಆ ಗಂಧದ ಬೆಣೆ ಇನ್ನೂ ನನ್ನ ಉಳಿಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ತೆರೆದಾಗಲೆಲ್ಲ ವಾಸನೆ ಬರುತ್ತದೆ. ಈ ಸಲದ ಹಬ್ಬದಂದು ಎಲ್ಲರ ಮುಂದೆ ಅದನ್ನು ತೋರಿಸಿ ಮಾತಾಡಲು ಈಗಿನ ಪಾದ್ರಿಗಳ ಅಪ್ಪಣೆ ಕೇಳಿದ್ದೇನೆ. ತೀರ್ಥಹಳ್ಳಿಯ ಮಗಳ ಮನೆಯಿಂದ ನೀವೂ ಬನ್ನಿ ಎನ್ನಲು ನನಗೆ ಬಾಯಿಲ್ಲ. ನೀವು ಬಂದರೂ, ಬರದಿದ್ದರೂ, ಅಂದು ಬೀದಿಯಲ್ಲೇ ಹೇಳಬೇಕಾಗಿದ್ದ ಮಾತನ್ನು ಹೇಳುತ್ತೇನೆ: ಪೆದ್ರಣ್ಣ ಎಡವಲಿಲ್ಲ. ನಾನು ನೋಡಿದ್ದೆ.