ಅವ್ವ ಕರೆಂಟು ತಗೊಂಡದ್ದು

ನಮ್ಮವ್ವ ಲೋಕದಲ್ಲಿ ಹೆದರುತ್ತಿದ್ದದ್ದು ಒಂದಕ್ಕೇ, ಕರೆಂಟಿಗೆ. ಹನೂರಿನ ನಮ್ಮ ಬಾವಿಗೆ ಪಂಪ್‌ಸೆಟ್ ಹಾಕಿಸಿದ ವರ್ಷವೇ ತಂತಿ ತಗುಲಿ ಒಂದು ಎತ್ತು ಅವಳ ಕಣ್ಣೆದುರಿಗೆ ಸತ್ತಿತ್ತು. ಆಮೇಲೆ ರಬ್ಬರ್ ಚಪ್ಪಲಿ ಮೆಟ್ಟದೆ ಮನೆಯ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ.

ಎಪ್ಪತ್ತರ ದಶಕದ ಮಾತು. ಎದೆಯ ಗೆಡ್ಡೆ ತೆಗೆಸಿದ ಎರಡು ವರ್ಷಕ್ಕೆ ಕ್ಯಾನ್ಸರ್ ಅವಳ ಬೆನ್ನುಮೂಳೆಗೆ ಇಳಿಯಿತು. ಕಾಲು ಸೋತವು. ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದೇ ಹೋಗಿಬರುತ್ತಿದ್ದವಳನ್ನು ನಾನೂ ತಮ್ಮನೂ ಎತ್ತಿ ಬಸ್ಸಿಗೆ ಹತ್ತಿಸಿ, ಕೊಳ್ಳೇಗಾಲದ ಮೇಲೆ ಬೆಂಗಳೂರಿಗೆ ಕರೆದೊಯ್ದೆವು. ಬೆನ್ನು ಕೊಯ್ದರೆ ಈಕೆ ತಡೆಯಲಾರಳು ಎಂದ ಡಾಕ್ಟರು, "ಕರೆಂಟು ಕೊಡೋಣ. ನಡೆದರೂ ನಡೀಬಹುದು" ಎಂದರು. ಕಿರಣದ ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು.

"ಬ್ಯಾಡ ಸಾ, ಕುಯ್ದೇಬುಡಿ," ಅವ್ವ ಕೈಮುಗಿದಳು. "ಕತ್ತಿ ಇಡಿದೋರ್ಗೆ ಕಣ್ಣದೆ. ಕರೆಂಟ್ಗೆ ಎಲ್ಲದೆ ಕಣ್ಣು?"

ನಾನೋ ಮೇಷ್ಟ್ರು. ಇದು ಬೇರೆ ಕರೆಂಟು ಎಂದು ಬಿಡಿಸಿ ಹೇಳಬೇಕಿತ್ತು, ನನಗೆ ಗೊತ್ತಿದ್ದರಲ್ಲವೇ! ಕೊನೆಗೆ ಅವಳೇ ಷರತ್ತು ಹಾಕಿದಳು, ಹವಾಯಿ ಚಪ್ಪಲಿ ಬಿಚ್ಚುವುದಿಲ್ಲ ಎಂದು. ಡಾಕ್ಟರು ನಕ್ಕು ಒಪ್ಪಿದರು. ಬೆನ್ನ ಮೇಲೆ ಕಿರಣ ಬೀಳುವ ಜಾಗಕ್ಕೆ ನೇರಳೆ ಗೆರೆ ಎಳೆಸಿಕೊಂಡು, ಚಪ್ಪಲಿ ಹಾಕಿಕೊಂಡೇ ಬೋರಲು ಮಲಗಿದಳು.

ಒಂದು ವಾರ ಕಳೆಯಿತು. ಉರಿಯಲಿಲ್ಲ, ಜುಮ್ಮೆನ್ನಲಿಲ್ಲ, ಕಾಲಿಗೆ ಬಲವೂ ಬರಲಿಲ್ಲ. ಅವಳು ಇನ್ನು ಏಳುವುದಿಲ್ಲವೇನೋ ಎಂದು ನನಗೆ ಒಳಗೊಳಗೇ ಭಯ. ಮಾರನೆಯ ದಿನ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದರೆ, ಮಿಷನ್ ರೂಮಿನ ಬಾಗಿಲಲ್ಲಿ ಅವ್ವ ಕಾಲು ತೋರಿಸಿದಳು.

"ಇವ ಬಿಚ್ಚಾಕ್ಲಾ. ಇವೇ ತಡೀತಾ ಅವೆ ಕಣ್ಲಾ. ಬಂದ ಕರೆಂಟೆಲ್ಲ ವಾಪಸ್ ಓಯ್ತಾ ಅದೆ."

ಬಾಗಿ ಚಪ್ಪಲಿ ಬಿಚ್ಚಿದೆ. ಮೊದಲು ನಗು ಬಂತು, ಆಮೇಲೆ ಅಳು. ಅಷ್ಟು ವರ್ಷ ಹೆದರಿದ್ದನ್ನೇ ಅವಳು ಬರಿಗಾಲಾಗಿ ಬಾ ಎಂದು ಕರೆಯುತ್ತಿದ್ದಳು. ನಾನು ಅಷ್ಟು ಧೈರ್ಯಸ್ಥನಲ್ಲ.

ಮೂರನೆಯ ವಾರ ನೋವು ಇಳಿಯಿತು. ಒಂದು ಬೆಳಿಗ್ಗೆ ಟೀ ತಂದು ನೋಡುತ್ತೇನೆ, ಹಾಸಿಗೆ ಖಾಲಿ. ಅವ್ವ ಗೋಡೆ ಹಿಡಿದುಕೊಂಡು ನಲ್ಲಿಯ ತನಕ ಹೋಗಿ, ಮುಖ ತೊಳೆದು, ವಿಭೂತಿ ಇಟ್ಟುಕೊಳ್ಳುತ್ತಿದ್ದಳು. ಓಡಿಹೋಗಿ ತೋಳು ಹಿಡಿದೆ.

"ಬುಡ್ಲಾ ಕೈಯ," ಎಂದಳು.

ಬಿಟ್ಟೆ. ಆಮೇಲೆ ಬದುಕಿದ್ದ ಎರಡು ವರ್ಷವೂ ಅವಳು ಯಾರ ಕೈಯನ್ನೂ ಹಿಡಿಯಲಿಲ್ಲ.