ಗೋಪ್ಯ ಎಂದು ಬರೆದ ಲಕೋಟೆ

ಎಂಬತ್ತರ ದಶಕದಲ್ಲಿ ನಾನು ಕೊಟ್ಟೂರಿನ ಕಡೆ ಕುಷ್ಠರೋಗ ನಿಯಂತ್ರಣ ಘಟಕವೊಂದರ ಗುಮಾಸ್ತನಾಗಿದ್ದೆ. ರಹಸ್ಯ ಕಾಪಾಡುವುದರಲ್ಲಿ ನಮ್ಮನ್ನು ಮೀರಿಸುವವರಿರಲಿಲ್ಲ. ರೋಗಿಗಳ ಕಾರ್ಡುಗಳಿಗೆ ಕಬ್ಬಿಣದ ಬೀರು, ಬೀರುವಿಗೆ ಎರಡು ಬೀಗ. ಒಂದು ಕೀಲಿ ನನ್ನ ಹತ್ತಿರ, ಇನ್ನೊಂದು ಡಾಕ್ಟರ ಹತ್ತಿರ. ಅವರು ವಾರದಲ್ಲಿ ಮೂರು ದಿನ ಹಡಗಲಿಯಲ್ಲಿರುತ್ತಿದ್ದರು. ಆ ಮೂರು ದಿನ ರಹಸ್ಯ ನಮಗೂ ಸಿಗುತ್ತಿರಲಿಲ್ಲ. ಹಳ್ಳಿಗೆ ಹೋಗುವ ಜೀಪಿನ ಎರಡೂ ಮಗ್ಗುಲಿಗೆ ಮಾತ್ರ ಇಲಾಖೆ ರೋಗದ ಹೆಸರನ್ನು ಅಂಗೈ ಅಗಲದ ಅಕ್ಷರಗಳಲ್ಲಿ ಬರೆಸಿತ್ತು.

ಕೋಗಳಿ ಕಡೆಯ ಹಳ್ಳಿಯ ಹದಿನೆಂಟರ ಹುಡುಗಿಯೊಬ್ಬಳು ಆ ಜೀಪಿಗೆ ಹೆದರಿಯೇ ಬಸ್ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು. ತೋಳಿನ ಮೇಲೆ ಸ್ಪರ್ಶ ತಿಳಿಯದ ಒಂದೇ ಒಂದು ಮಚ್ಚೆ. ಗುಳಿಗೆ ತಪ್ಪಿಸದಿದ್ದರೆ ವಾಸಿಯಾಗುವಂಥದ್ದು, ಯಾರಿಗೂ ಅಂಟುವಂಥದ್ದಲ್ಲ. ಹಂಪಸಾಗರದ ಕಡೆ ಮದುವೆ ಗೊತ್ತಾಗಿತ್ತು.

"ಅವ್ವ, ಅಪ್ಪ ಬಿಟ್ರ ಯಾರಿಗೂ ಗೊತ್ತಿಲ್ರಿ. ಬೀಗ್ರ ಕಿವಿಗಿ ಬಿದ್ರ ಮದಿವಿ ಮುರಿದು ಬೀಳತೈತಿ" ಎಂದಿದ್ದಳು.

"ನಿನ್ ಕಾರ್ಡು ಬೀರುವಿನ್ಯಾಗ ಐತವ್ವ, ಎರಡು ಬೀಗ ಹಾಕೇವಿ" ಎಂದು ನಾನು ಎದೆಯುಬ್ಬಿಸಿ ಹೇಳಿದ್ದೆ.

ಮದುವೆಯ ಗಡಿಬಿಡಿಯಲ್ಲಿ ಅವಳು ಎರಡು ತಿಂಗಳು ಬರಲಿಲ್ಲ. ಔಷಧ ಬಿಟ್ಟವರ ಮನೆಯ ಹಿರಿಯರಿಗೆ ನೋಟಿಸು ಕಳಿಸುವುದು ನಿಯಮ. ಬರೀ ಅಂಚೆ ಕಾರ್ಡು ಹಾಕಿದರೆ ದಾರಿಯಲ್ಲಿ ಯಾರಾದರೂ ಓದಿಯಾರೆಂದು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಮೇಲೆ ಕೆಂಪು ಶಾಯಿಯಲ್ಲಿ 'ಗೋಪ್ಯ' ಎಂದು ಬರೆದು ರಿಜಿಸ್ಟರ್ ಮಾಡಿಸಿದೆ. ನನ್ನ ಬುದ್ಧಿಗೆ ಮಂಗಳಾರತಿ ಎತ್ತಬೇಕು.

ಆ ಊರಿಗೆ ರಿಜಿಸ್ಟರ್ ಬರುತ್ತಿದ್ದದ್ದು ಕೋರ್ಟಿನಿಂದ ಮಾತ್ರ. ಅಂಚೆಯವನು ಕೆಂಪಕ್ಷರ ಕಂಡು ಗಾಬರಿಯಾಗಿ ಅವಳ ಅಪ್ಪನನ್ನು ಚಾವಡಿ ಕಟ್ಟೆಗೆ ಕರೆಸಿದ. ಹೆಬ್ಬೆಟ್ಟು ಒತ್ತುವವರಿಗೆ ರಿಜಿಸ್ಟರ್ ಕೊಡಲು ಸಾಕ್ಷಿ ಬೇಕು, ಅದೂ ನಿಯಮವೇ. ಕಟ್ಟೆಯ ಮೇಲೆ ಸಾಕ್ಷಿಗಳಿಗೇನು ಬರ?

"ಹೊಲದ್ದು ತಕರಾರು ಇರಬೇಕು. ನಾಕು ಮಂದಿ ಕೇಳ್ಲಿ, ಗಟ್ಟಿಯಾಗಿ ಓದಪ" ಎಂದನಂತೆ ಅಪ್ಪ. ಅಂಚೆಯವನು ಹುಡುಗಿಯ ಹೆಸರು, ರೋಗದ ಹೆಸರು, ತಪ್ಪಿಸಿದ ಗುಳಿಗೆಗಳ ಲೆಕ್ಕ, ಎಲ್ಲವನ್ನೂ ಒಂದಕ್ಷರ ಬಿಡದೆ ಓದಿದ.

ವಾರದೊಳಗೆ ಗಂಡಿನವರು ಮದುವೆ ಬೇಡವೆಂದರು. ಅಪ್ಪ ದೂರು ಕೊಟ್ಟ. ಮಾಹಿತಿ ಸೋರಿದ್ದು ಹೇಗೆಂದು ಮೇಲಿನವರು ಕೇಳಿದರು. ನಮ್ಮಿಂದ ಸೋರಿಲ್ಲ, ಬೀಗಗಳು ಸುಸ್ಥಿತಿಯಲ್ಲಿವೆ ಎಂದು ನಾನೇ ಉತ್ತರ ಬರೆದೆ. ಅಂಚೆಯವರು ತಮ್ಮದೂ ನಿಯಮದಂತೆಯೇ ಎಂದು ಕೈ ತೊಳೆದುಕೊಂಡರು. ಎರಡು ಇಲಾಖೆಗಳ ನಡುವೆ ಅಂಥ ಸಹಕಾರವನ್ನು ನಾನು ಮತ್ತೆ ಕಂಡಿಲ್ಲ.

ಆಮೇಲೆ ಹುಡುಗಿ ಗುಳಿಗೆಗೆ ಬಂದಳು. ನನಗೆ ನಾಚಿಕೆಯಿಂದ ತಲೆಯೆತ್ತಲು ಆಗಲಿಲ್ಲ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಒಂದು ಮಾತು ಕೇಳ್ತೀನ್ರಿ. ಊರ ಮುಂದ ಓದಿದ್ರಲ್ಲ, ಆ ಕಾಗದದಾಗ ಇದು ವಾಸಿ ಆಕೈತಿ, ಯಾರಿಗೂ ಅಂಟಂಗಿಲ್ಲ ಅಂತನೂ ಬರ್ದಿದ್ರೇನು?"

ಬರೆದಿರಲಿಲ್ಲ. ಇಲಾಖೆಯ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.