ಹಾಯಿಕಂಬದ ತುದಿಯಲ್ಲಿ ಸಿಕ್ಕಿಕೊಂಡ ಭಾನುವಾರ

ಭಾವ ತೀರಿಕೊಂಡ ಮೇಲೆ ಅಕ್ಕನ ಪಾಲಿಗೆ ಉಳಿದದ್ದರಲ್ಲಿ ಒಂದು ಹಾಯಿದೋಣಿಯೂ ಇತ್ತು. ನಾಲ್ಕು ಜನ ಕೂತರೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಚಿಕ್ಕದು. ಚೆನ್ನೈ ಬಂದರಿನ ಒಳಗೆ, ದೊಡ್ಡ ಹಡಗುಗಳಿಂದ ದೂರದ ಒಂದು ಮೂಲೆಯಲ್ಲಿ ಅದನ್ನು ಕಟ್ಟಿಹಾಕಿದ್ದರು. ಭಾವ ಇದ್ದಾಗ ನಾನು ಅದನ್ನು ಹತ್ತಿದ್ದು ಒಂದೆರಡು ಸಲ, ಅದೂ ಅವರ ಮಾತು ತಳ್ಳಿಹಾಕಲಾರದೆ. ಅವರು ಹೋದ ಮೇಲೆ ಪ್ರತಿ ಭಾನುವಾರ ಹತ್ತಿದೆ.

ಅವರ ಕಾರ್ಯಗಳೆಲ್ಲ ಮುಗಿದ ಕೆಲವು ವಾರಕ್ಕೆ ಅಕ್ಕ ಫೋನ್ ಮಾಡಿ, "ದೋಣಿ ಹೇಗಿದೆ ಪಾತ್ತುಕೊಂಡು ಬರೋಣ್ವಾ?" ಎಂದಳು. ಪಾತ್ತುಕೊಂಡು ಅಂದರೆ ನೋಡಿಕೊಂಡು. ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ನಮ್ಮ ಮನೆಯ ಕನ್ನಡ ಹಾಗೆಯೇ, ತಮಿಳು ಎಲ್ಲಿ ಮುಗಿಯಿತು ಎಂದು ನಮಗೇ ಗೊತ್ತಾಗುವುದಿಲ್ಲ. ಅಲ್ಲಿ ಒಬ್ಬಳೇ ಕೂತು ಅಳುತ್ತಾಳೇನೋ ಎಂದು ಹೆದರಿ ಹೂಂ ಅಂದೆ. ಮುಂದಿನ ವಾರವೂ ಅಂದೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಭಾನುವಾರ ಬೆಳಗ್ಗೆ ಕೀಲ್ಪಾಕಿನಿಂದ ಮಾಧವರಕ್ಕೆ ಬಂದು, ನಮ್ಮ ಫ್ಲಾಟಿನ ಗೇಟಿನ ಮುಂದೆ ಕಾರು ನಿಲ್ಲಿಸಿ ಹಾರ್ನ್ ಮಾಡುತ್ತಿದ್ದಳು. ಅವಳು ಆಪರೇಶನ್ನಿಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರು. ವಾರಕ್ಕೆ ಸಿಗುವ ಒಂದೇ ರಜೆಯನ್ನು ಆ ದೋಣಿಗೆ ಕೊಡುತ್ತಿದ್ದಾಳೆಂದರೆ ಅವಳ ಜೀವವೇ ಅದರಲ್ಲಿದೆ ಎಂದುಕೊಂಡೆ. ಬ್ಯಾಂಕ್ ಕೆಲಸ ಬಿಟ್ಟು ಮನೆಯಲ್ಲಿದ್ದವಳು ನಾನು, ನನಗೋ ಶನಿವಾರ ಸಂಜೆಯಾದರೆ ಸಾಕು, ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತಿತ್ತು. ಇದು ಎರಡು ವರ್ಷ ನಡೆಯಿತು.

ಅಷ್ಟಾಗಿಯೂ ದೋಣಿ ಕಡಲಿಗೆ ಹೋಗುತ್ತಲೂ ಇರಲಿಲ್ಲ. ಮುಂದಿನ ಹಾಯಿಯನ್ನು ಚಾಪೆಯ ಹಾಗೆ ಸುತ್ತಿಡುವ, ಬೇಕಾದಾಗ ಬಿಚ್ಚುವ ಸಾಧನವೊಂದಿದೆ, ಫರ್ಲರ್ ಅಂತ. ದೋಣಿಯ ಮೂತಿಯಿಂದ ಹಾಯಿಕಂಬದ ತುದಿಗೆ ಓರೆಯಾಗಿ ಬಿಗಿದ ಉಕ್ಕಿನ ಹುರಿಯ ಸುತ್ತ ಅದು ತಿರುಗುತ್ತದೆ. ಕೆಳಗೆ ಹಗ್ಗ ಸುತ್ತಿದ ಡ್ರಮ್ಮು, ಮೇಲೆ ಒಂದು ತಿರುಗಣಿ. ಕೂತಲ್ಲಿಂದ ಹಗ್ಗ ಎಳೆದರೆ ಹಾಯಿ ತಾನಾಗಿ ಸುತ್ತಿಕೊಳ್ಳಬೇಕು. ನಮ್ಮದು ಅರ್ಧ ಸುತ್ತಿ ನಿಂತುಬಿಡುತ್ತಿತ್ತು. ಉಪ್ಪು ತಿಂದು ಬೇರಿಂಗು ಹೋಗಿರಬೇಕೆಂದು ಪ್ಯಾರೀಸ್ ಕಾರ್ನರಿನ ಗಲ್ಲಿಗಳಲ್ಲಿ ಅಲೆದು ಹೊಸದು ತಂದು ಹಾಕಿದೆವು. ಆಗಲೂ ನಿಂತಿತು. ಕೊನೆಗೆ ಅಕ್ಕ ದುರ್ಬೀನು ಹಿಡಿದು ನೋಡಿ ಕಾರಣ ಕಂಡುಹಿಡಿದಳು. ಹಾಯಿಯನ್ನು ಮೇಲೇರಿಸುವ ಹಗ್ಗ ತುದಿಯಲ್ಲಿ ಉಕ್ಕಿನ ಹುರಿಗೇ ಸುತ್ತಿಕೊಂಡಿತ್ತು. ಅದು ಹಾಗೆ ಸುತ್ತದಂತೆ ಕಂಬಕ್ಕೆ ಒತ್ತಿ ಹಿಡಿಯುತ್ತಿದ್ದ ಪುಟ್ಟ ಉಕ್ಕಿನ ಪಟ್ಟಿ ಕಳಚಿ ಬಿದ್ದುಹೋಗಿತ್ತು. ಯಾರಾದರೂ ಮೇಲೆ ಹೋಗಿ ಹಗ್ಗ ಬಿಡಿಸಿ, ಹೊಸ ಪಟ್ಟಿ ಕೂರಿಸಬೇಕು.

"ನೀನೇ ತೆಳ್ಳಗಿರೋದು," ಎಂದಳು ಅಕ್ಕ.

ಹೊಸ ಪಟ್ಟಿ, ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡೆ.

ಕಂಬ ಏರುವುದಕ್ಕೆಂದೇ ದಪ್ಪ ಬಟ್ಟೆಯ ಒಂದು ಕುರ್ಚಿ ಇತ್ತು. ಅದರಲ್ಲಿ ನನ್ನನ್ನು ಕೂರಿಸಿ ಕುರ್ಚಿಯ ಪಟ್ಟಿ ಬಿಗಿದಳು. ದೊಡ್ಡ ಹಾಯಿಯ ಹಗ್ಗವನ್ನು ಕುರ್ಚಿಗೆ ಕಟ್ಟಿ, ಇನ್ನೊಂದು ಕೊನೆಯನ್ನು ವಿಂಚಿಗೆ, ಅಂದರೆ ಕೈಹಿಡಿ ತಿರುಗಿಸಿ ಭಾರ ಎತ್ತುವ ರಾಟೆಗೆ ಸುತ್ತಿದಳು. ಅವಳು ತಿರುಗಿಸಿದಂತೆ ನಾನು ಕಂಬವನ್ನು ತಬ್ಬಿಕೊಂಡು ಮೇಲೇರಿದೆ. ಕೆಳಗೆ ನೋಡಬಾರದೆಂದು ಕ್ರೇನುಗಳನ್ನು, ಹೈಕೋರ್ಟಿನ ಕೆಂಪು ಗುಮ್ಮಟವನ್ನು ನೋಡುತ್ತಿದ್ದೆ. ಕೆಲಸವೇನೋ ಸಲೀಸಾಗಿ ಆಯಿತು. ಹುರಿಗೆ ಸುತ್ತಿದ್ದ ಹಗ್ಗವನ್ನು ಅಕ್ಕ ಕೆಳಗಿನಿಂದ ಸಡಿಲ ಬಿಟ್ಟಳು, ನಾನು ಸುತ್ತು ಬಿಡಿಸಿದೆ, ಹಳೆಯ ತೂತುಗಳಲ್ಲೇ ಸ್ಕ್ರೂ ಕೂರಿಸಿ ಪಟ್ಟಿ ಬಿಗಿದೆ.

"ಆಯ್ತು, ಇಳಿಸು," ಎಂದೆ.

ಕುರ್ಚಿ ಅಲುಗಲಿಲ್ಲ.

"ಅಕ್ಕಾ, ಇಳಿಸು."

"ಇರು."

ಇರು ಎಂಬ ಮಾತು ನಮ್ಮ ಎರಡು ಭಾಷೆಯಲ್ಲೂ ಒಂದೇ. ಆದರೆ ಅವಳು ಹೇಳಿದ ರೀತಿಯಿಂದ ಏನೋ ಆಗಿದೆ ಎಂದು ತಿಳಿಯಿತು.

"ಹಗ್ಗ ಮಾಟ್ಟಿಕೊಂಡಿದೆ," ಎಂದಳು. "ವಿಂಚಲ್ಲಿ ಒಂದು ಸುತ್ತಿನ ಮೇಲೆ ಇನ್ನೊಂದು ಹತ್ತಿ ಕೂತುಬಿಟ್ಟಿದೆ. ನಿನ್ನ ಭಾರಕ್ಕೆ ಇನ್ನೂ ಬಿಗೀತಾ ಇದೆ. ಬಿಡಿಸಕ್ಕೆ ಆಗ್ತಿಲ್ಲ."

"ಯಾರನ್ನಾದ್ರೂ ಕೂಗು."

"ಯಾರೂ ಕಾಣ್ತಿಲ್ಲ. ಪದಟ್ಟ ಪಡಬೇಡ."

ಗಾಬರಿಯಾಗಬೇಡ ಎಂಬುದು ನಮ್ಮ ಮನೆಯಲ್ಲಿ ತಮಿಳಿನಲ್ಲೇ ಬರುತ್ತದೆ, ನಿಜವಾಗಿ ಗಾಬರಿಯಾದಾಗ ಮಾತ್ರ.

ಅಷ್ಟರಲ್ಲಿ ಕಡಲ ಗಾಳಿ ಎದ್ದಿತು. ದಿನವೂ ಮಧ್ಯಾಹ್ನಕ್ಕೆ ಮುಂಚೆ ಬರುವ ಗಾಳಿಯೇ. ಊರೆಲ್ಲ ಅದಕ್ಕಾಗಿ ಕಿಟಕಿ ತೆರೆದಿಟ್ಟಿರುತ್ತದೆ. ಇಷ್ಟು ದಿನ ಅಂಟಿಕೊಂಡಿದ್ದ ಫರ್ಲರ್ ಈಗ ಬಿಡುಗಡೆಯಾಗಿತ್ತಲ್ಲ, ಗಾಳಿ ಹೊಕ್ಕು ಸುತ್ತಿದ ಹಾಯಿಯನ್ನು ಬಿಚ್ಚಿಬಿಟ್ಟಿತು. ಹಾಯಿ ಪಟಪಟನೆ ಬಡಿಯತೊಡಗಿತು. ದೋಣಿ ವಾಲಿದಾಗ ಕೆಳಗೆ ಅಕ್ಕನಿಗೆ ಒಂದು ಗೇಣು ಸರಿದ ಹಾಗೆ. ಮೇಲೆ ನಾನು ನೀರಿನ ಮೇಲಕ್ಕೇ ಹೋಗಿ ವಾಪಸು ಬರುತ್ತಿದ್ದೆ. ಕಂಬಕ್ಕೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದೆ. ಕುರ್ಚಿಯ ಪಟ್ಟಿ ತೊಡೆ ಕೊಯ್ದು ಕಾಲು ಜೋಮು ಹಿಡಿಯಿತು. ಇಳಿಯುವ ಹಾಗಿಲ್ಲ, ಏರುವ ಹಾಗಿಲ್ಲ, ಕೈ ಬಿಡುವ ಹಾಗಿಲ್ಲ. ಇಡೀ ಎರಡು ವರ್ಷ ನಾನು ಹೀಗೇ ಇದ್ದೆನಲ್ಲ ಅನ್ನಿಸಿತು.

ಅಕ್ಕ ಮೊದಲು ಡ್ರಮ್ಮಿನ ಹಗ್ಗ ಹಿಡಿದು ಎಳೆದಳು. ಹಾಯಿ ಸರ್ರನೆ, ಎಲ್ಲೂ ತಡೆಯದೆ ಸುತ್ತಿಕೊಂಡಿತು. ಬಡಿತ ನಿಂತಿತು.

"ಈಗ ನಿಧಾನವಾಗಿ ಉಸಿರು ತೊಗೋ," ಎಂದಳು. ರೋಗಿಗಳ ಹತ್ತಿರ ಮಾತಾಡುವ ದನಿ. "ಇನ್ನೊಂದು ಹಗ್ಗ ಇದಕ್ಕೆ ಗಂಟು ಹಾಕಿ, ಆ ಕಡೆ ವಿಂಚಲ್ಲಿ ಎಳೀತೀನಿ. ಇದು ಲೂಸಾದ್ರೆ ಬಿಡಿಸಬಹುದು. ಮಾತಾಡ್ತಾ ಇರು."

"ಏನು ಮಾತಾಡ್ಲಿ?"

"ಏನಾದ್ರೂ."

"ಇವತ್ತು ಇಳಿದ್ಮೇಲೆ ನಾನು ಇನ್ನು ಬರಲ್ಲ," ಎಂದೆ.

"ಎಲ್ಲಿಗೆ?"

"ಇಲ್ಲಿಗೆ. ನಂಗೆ ಈ ದೋಣಿ ಯಾವತ್ತೂ ಇಷ್ಟ ಇರ್ಲಿಲ್ಲ ಅಕ್ಕ. ನಿನಗೋಸ್ಕರ ಬರ್ತಿದ್ದೆ."

ಕೆಳಗೆ ಸದ್ದು ನಿಂತಿತು. ಕಣ್ಣು ತೆರೆದು ನೋಡಿದೆ. ಅವಳು ಹಗ್ಗ ಕೈಯಲ್ಲಿ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದಳು.

"ನನಗೋಸ್ಕರಾನಾ?"

"ಮತ್ತೆ?"

"ನಾನು ನಿನಗೋಸ್ಕರ ಬರ್ತಿದ್ದೆ ಕಣೇ. ಬ್ಯಾಂಕ್ ಕೆಲಸ ಬಿಟ್ಟು ಮನೇಲಿ ಒಬ್ಬಳೇ ಕೂತಿದ್ದೆ ನೀನು. ವಾರಕ್ಕೊಂದು ದಿನ ಹೊರಗೆ ಬರಲಿ ಅಂತ. ನೀನು ಒಂದು ಸಲಾನೂ ಬೇಡ ಅನ್ಲಿಲ್ಲ."

"ಹಾಗಾದ್ರೆ ನಿನಗೆ ಇದು ಬೇಡ್ವಾ?"

"ಇದನ್ನ ನೋಡಿದ್ರೇನೇ ನಂಗೆ ಆಗಲ್ಲ. ಅವರಿದ್ದಾಗ ಇದರ ವಿಷಯಕ್ಕೆ ಎಷ್ಟು ಜಗಳ ಆಡಿದೀನಿ."

ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಎದ್ದು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಂಥ ಸಿಟ್ಟು. ಹೋಗುವುದಕ್ಕೆ ಜಾಗವಿರಲಿಲ್ಲ. ಕಂಬ ತಬ್ಬಿಕೊಂಡೇ ಸಿಟ್ಟಾಗಿದ್ದೆ. ಕೆಳಗೆ ಅವಳೂ ಸಿಟ್ಟಿನಿಂದಲೇ ಆ ಕಡೆಯ ವಿಂಚು ತಿರುಗಿಸುತ್ತಿದ್ದಳು ಎಂದು ಅದರ ಕಟಕಟ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಮೊದಲ ಸಲ ಗಂಟು ಜಾರಿತು. ಬಿಚ್ಚಿ ಮತ್ತೆ ಹಾಕಿದಳು. ಎರಡನೆಯ ಸಲ ಹಿಡಿಯಿತು. ಕುರ್ಚಿ ಒಂದಿಷ್ಟು ಮೇಲಕ್ಕೆ ಜಗ್ಗಿತು, ಅವಳು ಸಿಕ್ಕು ಬಿಡಿಸಿದಳು, ಹಗ್ಗವನ್ನು ಮತ್ತೆ ಸರಿಯಾಗಿ ಸುತ್ತಿ ಭಾರ ಅದಕ್ಕೆ ಬಿಟ್ಟಳು. ಇಂಚಿಂಚಾಗಿ ಇಳಿದೆ.

ಕಾಲು ಊರಿದರೆ ನಿಲ್ಲಲಾಗಲಿಲ್ಲ. ಅಕ್ಕ ಹಿಡಿದು ಕೂರಿಸಿ, ಪಟ್ಟಿ ಬಿಚ್ಚಿ, ಮೀನಖಂಡ ತಿಕ್ಕಿದಳು. ಅವಳ ಅಂಗೈ ಹಗ್ಗಕ್ಕೆ ಉಜ್ಜಿ ಸಿಪ್ಪೆ ಸುಲಿದಂತಾಗಿತ್ತು.

"ನೀನು ಕೇಳಬಹುದಿತ್ತು," ಎಂದಳು.

"ನೀನೂ," ಎಂದೆ.

ಅಕ್ಕ ನನ್ನನ್ನು ಮನೆಗೆ ಬಿಡಲು ಬಂದಳು. ಮಾರಿಬಿಡೋಣ ಎಂದು ಅವಳು ಹೇಳಿದ್ದು ನಮ್ಮ ಗೇಟಿನ ಹತ್ತಿರ, ಕಾರಿನ ಎಂಜಿನ್ನು ಆರಿಸದೆ.

ಕೊಳ್ಳಲು ಬಂದ ದಂಪತಿಗೆ ಫರ್ಲರ್ ತಿರುಗಿಸಿ ತೋರಿಸಿದ್ದು ಅಕ್ಕನೇ. ಆ ಹೆಂಗಸು ತಾನೇ ಎರಡು ಸಲ ಹಾಯಿ ಬಿಚ್ಚಿ ಸುತ್ತಿ ನೋಡಿ ಖುಷಿಪಟ್ಟಳು. ದೋಣಿ ಅವರದಾಯಿತು. ಮೊದಲ ಕೆಲವು ಭಾನುವಾರ ನಾವಿಬ್ಬರೂ ಫೋನ್ ಕೂಡ ಮಾಡಿಕೊಳ್ಳಲಿಲ್ಲ. ನಾನು ಬೆಳಗ್ಗೆ ಎದ್ದು, ಏನು ಮಾಡುವುದೆಂದು ತೋಚದೆ, ಮತ್ತೆ ಮಲಗುತ್ತಿದ್ದೆ.

ಈಗ ಅವಳು ಮಾಧವರಕ್ಕೆ ಬರುವ ಮುಂಚೆ, "ಬರ್ಲಾ? ನಿಜ ಹೇಳು," ಎಂದು ಕೇಳುತ್ತಾಳೆ. ಕೆಲವು ಸಲ ಬೇಡ ಅನ್ನುತ್ತೇನೆ. ಸರಿ ಎಂದು ಫೋನ್ ಇಡುತ್ತಾಳೆ.